ಮೊದಲ ಗುಂಪಿನ ಮೂರನೆಯವಳು

ಬಟ್ಟೆಯ ಗಂಟನ್ನು ಟೇಲರ್ ಶವಾಗಾರದ ಕಿಟಕಿಯೊಳಗೆ ಅರ್ಧ ತಳ್ಳಿದ್ದ. ಒಳಗಿದ್ದ ಗುಮಾಸ್ತ ಅಂಗೈ ಅಡ್ಡ ಹಿಡಿದ.

“ಸ್ವಲ್ಪ ತಡೀರಿ ಯಜಮಾನ್ರೇ. ಇದನ್ನ ಈಗ್ಲೇ ತಗೊಳ್ಳೋ ಹಾಗಿಲ್ಲ.”

ಹಿಂದಕ್ಕೆ ಎಳೆದುಕೊಳ್ಳಬೇಕೋ ಅಲ್ಲೇ ಬಿಡಬೇಕೋ ತಿಳಿಯದೆ ಟೇಲರ್ ಗಂಟಿನ ಮೇಲೆ ಕೈ ಇಟ್ಟುಕೊಂಡು ನಿಂತ. ಹೆಂಡತಿ ಬೆಳಗಿನ ಜಾವ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ತೀರಿಕೊಂಡಿದ್ದಳು. ಮನೆಗೆ ಹೋಗಿ, ಅವಳ ಹಸಿರು ಉಡುಪನ್ನು ತೆಗೆದು ಇಸ್ತ್ರಿ ಮಾಡಿ, ಮಡಿಕೆ ಮುರಿಯದ ಹಾಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ತರುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಮಧ್ಯಾಹ್ನ ಮೂರಕ್ಕೆ ಮಣ್ಣು ಎಂದು ಎಲ್ಲರಿಗೂ ಹೇಳಿಯಾಗಿತ್ತು.

“ಮತ್ತೆ ಯಾವಾಗ ತಗೊಳ್ತೀರಿ?” ಎಂದು ಹಿಂದಿನಿಂದ ಮಗಳು ಕೇಳಿದಳು. ಹನ್ನೆರಡು ವರ್ಷದಿಂದ ಬಸ್ ಕಂಡಕ್ಟರ್ ಆಗಿದ್ದವಳ ಗಂಟಲು ಅದು. ಮೆಲ್ಲಗೆ ಮಾತಾಡಿದರೂ ಕಟ್ಟಕಡೆಯ ಸೀಟಿನವರೆಗೆ ಕೇಳಿಸುತ್ತಿತ್ತು. ಬೆಂಚಿನ ಮೇಲೆ ಕೂತಿದ್ದ ಬೇರೆ ಯಾರದೋ ಮನೆಯವರು ತಲೆಯೆತ್ತಿ ನೋಡಿದರು.

“ಫೈಲಿಗೆ ಹಳದಿ ಚೀಟಿ ಅಂಟಿಸಿದ್ದಾರಮ್ಮ. ಔಷಧಿ ಪ್ರಯೋಗದವರು ಬಂದು ನಿಮ್ಮ ಹತ್ರ ಮಾತಾಡೋವರೆಗೂ ದೇಹ ಬಿಟ್ಟುಕೊಡೋ ಹಾಗಿಲ್ಲ. ಫೋನ್ ಮಾಡಿದ್ದೀನಿ. ಬರ್ತಾ ಇದ್ದಾರೆ.”

“ಸತ್ತ ಮೇಲೆ ಎಂಥ ಪ್ರಯೋಗ?”

ಗುಮಾಸ್ತ ಫೈಲಿನಿಂದ ಒಂದು ಹಾಳೆ ತೆಗೆದು ಕಿಟಕಿಯಾಚೆ ಇಟ್ಟ. ಅದನ್ನು ಎತ್ತಿಕೊಂಡಿದ್ದು ಟೇಲರನ ಅಣ್ಣ. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕೂತು ನಿವೃತ್ತನಾದವನು. ಕಾಗದ ಕಂಡರೆ ಅವನಿಗೆ ಮೊದಲು ಕನ್ನಡಕ ನೆನಪಾಗುತ್ತಿತ್ತು, ಆಮೇಲೆ ಅನುಮಾನ ಶುರುವಾಗುತ್ತಿತ್ತು.

“‘ನನ್ನ ಮರಣಾನಂತರ ನನ್ನ ಯಕೃತ್ತು, ಗುಲ್ಮ ಹಾಗೂ ಗಡ್ಡೆಯಿಂದ ಮಾದರಿಗಳನ್ನು ತೆಗೆದುಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ,’” ಎಂದು ಓದಿದ. ಕನ್ನಡಕದ ಮೇಲಿನಿಂದ ತಮ್ಮನನ್ನು ನೋಡಿದ. “ಗುಲ್ಮ ಅಂದ್ರೆ ಯಾವುದೋ?”

ಯಾರಿಗೂ ಗೊತ್ತಿರಲಿಲ್ಲ.

“ಏನಾದ್ರೂ ಆಗ್ಲಿ. ಕುಯ್ದು ತೆಗೀತಾರೆ ಅಂತ ಅರ್ಥ. ಇದಕ್ಕೆ ನಿನ್ನ ಹೆಂಡತಿ ಸೈನ್ ಹಾಕಿದ್ದಾಳೆ. ಇಲ್ಲಿ ಕೆಳಗೆ ಹತ್ತಿರದ ಸಂಬಂಧಿಕರು ಅಂತ ಜಾಗ ಖಾಲಿ ಬಿಟ್ಟಿದ್ದಾರೆ. ಅಂದ್ರೆ ನೀನು. ನೀನು ಹಾಕ್ಲಿಲ್ಲ ಅಂದ್ರೆ ಏನೂ ಮಾಡೋಕಾಗಲ್ಲ ಇವರ ಕೈಲಿ.”

ಟೇಲರ್ ಹಾಳೆಯನ್ನು ಕೈಗೆ ತೆಗೆದುಕೊಂಡ. ಸಹಿ ಅವಳದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಅಂಗಿಗೆ ಗುಂಡಿ ಇಟ್ಟ ಹಾಗೆ ಬರೆಯುತ್ತಿದ್ದಳು. ಪಕ್ಕದಲ್ಲಿದ್ದ ದಿನಾಂಕ ಐದು ತಿಂಗಳ ಹಿಂದಿನದು.

“ನಿಂಗೆ ಹೇಳಿದ್ಲಾ?” ಎಂದು ಮಗಳನ್ನು ಕೇಳಿದ.

“ಇಲ್ಲಪ್ಪ. ನಿಮಗೆ?”

ಅವನು ಇಲ್ಲವೆಂದು ತಲೆಯಾಡಿಸಿದ.

*

ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗದ ಮೂರೂ ಮಹಡಿಯಲ್ಲಿ ಟೇಲರನ ಹೆಂಡತಿಗೆ ‘ಅಕ್ಕ’ ಎಂದೇ ಹೆಸರು. ನಿರ್ದೇಶಕರಾಗಿದ್ದವರಿಗೂ ಅಕ್ಕ, ನಿನ್ನೆ ಸೇರಿದ ವಿದ್ಯಾರ್ಥಿಗೂ ಅಕ್ಕ. ಇಪ್ಪತ್ತೇಳು ವರ್ಷ ಅವಳು ಅಲ್ಲಿ ಪಾತ್ರೆ ತೊಳೆದಳು. ಯಾರಾದರೂ ಏನು ಕೆಲಸ ಎಂದು ಕೇಳಿದರೆ “ಪಾತ್ರೆ ತೊಳೀತೀನಿ” ಎನ್ನುತ್ತಿದ್ದಳು. ಕೇಳಿದವರು ಅಡುಗೆಮನೆ ಎಂದುಕೊಂಡರೆ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ.

ನೆಲಮಾಳಿಗೆಯ ಕೊನೆಯ ಕೋಣೆ ಅವಳದು. ಗೋಡೆಯುದ್ದಕ್ಕೂ ಕಲ್ಲಿನ ತೊಟ್ಟಿಗಳು, ಹೊಗೆ ಎಳೆಯುವ ಗಾಜಿನ ಗೂಡು, ಮೊಳೆಗಳ ಮೇಲೆ ತಲೆಕೆಳಗಾಗಿ ಕೂತ ನೂರಾರು ಫ್ಲಾಸ್ಕುಗಳು. ಕೆಲವಕ್ಕೆ ಸೋಪು ಸಾಕು. ಇನ್ನು ಕೆಲವಕ್ಕೆ ಅವಳು ಎರಡು ಆಮ್ಲ ಬೆರೆಸುತ್ತಿದ್ದಳು. ಬೆರೆಸಿದ ಕೂಡಲೆ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು. ಚಿನ್ನವನ್ನೂ ಕರಗಿಸುವ ಆಮ್ಲ. ತೊಳೆದ ಮೇಲೆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡುವಳು. ಗಾಜಿನ ಮೇಲೆ ನೀರು ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ ಎಂದು ಅರ್ಥ. ಒಂದೇ ಪರದೆಯಾಗಿ ಜಾರಿ ಹೋದರೆ ಮಾತ್ರ ಅದು ಮೇಲಿನ ಮಹಡಿಗೆ ಹೋಗಲು ಲಾಯಕ್ಕು.

ನೀಲಿ ಎಂಬ ಹೆಸರು ಹುಟ್ಟಿದ್ದೂ ಆ ಕೋಣೆಯಲ್ಲೇ. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಮೂರು ವಾರದಿಂದ ಒಂದೇ ಕೆಲಸ ಮಾಡಿ ಸೋಲುತ್ತಿದ್ದಳು. ಚಿನ್ನದ ಲವಣವನ್ನು ನೀರಲ್ಲಿ ಕುದಿಸಿ, ಅದಕ್ಕೆ ಇನ್ನೊಂದು ದ್ರಾವಣ ಹಾಕಬೇಕು. ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಲ್ಲಿ ಉಳಿಯಬೇಕು. ಹಾಗೆ ಉಳಿದರೆ ನೀರು ಮಾಣಿಕ್ಯದಂತೆ ಕೆಂಪಗಾಗುತ್ತದೆ. ಅವಳದು ದಿನಾ ನೀಲಿಯಾಗುತ್ತಿತ್ತು. ಒಂದು ಮಧ್ಯಾಹ್ನ ಆ ನೀಲಿ ಫ್ಲಾಸ್ಕನ್ನು ಹಿಡಿದುಕೊಂಡೇ ನೆಲಮಾಳಿಗೆಗೆ ಇಳಿದು ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು ಅಳತೊಡಗಿದಳು.

“ಇದನ್ನ ಯಾರು ತೊಳೆದಿದ್ದು?” ಎಂದು ಅಕ್ಕ ಕೇಳಿದ್ದಳು.

“ನಾನೇ. ನಿಮಗ್ಯಾಕೆ ಸುಮ್ನೆ ತೊಂದರೆ ಅಂತ.”

“ನನ್ನ ಮೇಲೆ ಕನಿಕರ ತೋರಿಸಿ ಮೂರು ವಾರ ಹಾಳು ಮಾಡ್ಕೊಂಡ್ಯಲ್ಲೇ. ಎದ್ದೇಳು. ಮುಖ ತೊಳ್ಕೊ. ಆಮೇಲೆ ಇಲ್ಲಿ ಬಾ, ಫ್ಲಾಸ್ಕ್ ತೊಳೆಯೋದು ಹೇಗೆ ಅಂತ ತೋರಿಸ್ತೀನಿ.”

ಮರುದಿನ ನೀರು ಕೆಂಪಾಯಿತು. ಹೆಸರು ಮಾತ್ರ ನೀಲಿ ಎಂದೇ ಉಳಿಯಿತು. ಅವಳು ಡಾಕ್ಟರೇಟ್ ಮುಗಿಸಿ, ಹೊರದೇಶಕ್ಕೆ ಹೋಗಿ ಬಂದು, ತನ್ನದೇ ಪ್ರಯೋಗಾಲಯ ಕಟ್ಟಿದ ಮೇಲೂ. ಚಿನ್ನ ಕೆಂಪಗಿರುತ್ತದೆ ಎಂದು ಅಕ್ಕ ಮನೆಯಲ್ಲಿ ಹೇಳಿದಾಗ ಟೇಲರ್ ಬಾಯಲ್ಲಿದ್ದ ದಾರ ಕಡಿದು, “ಯಾವನೋ ಅಕ್ಕಸಾಲಿಗ ನಿಮ್ಮವರಿಗೆ ಸರಿಯಾಗಿ ಟೋಪಿ ಹಾಕಿದ್ದಾನೆ” ಎಂದಿದ್ದ.

ಆ ಕೆಂಪು ನೀರಿನಿಂದ ಏನು ಮಾಡುತ್ತೀರಿ ಎಂದು ಅಕ್ಕ ಬಹಳ ವರ್ಷ ಕೇಳಿರಲಿಲ್ಲ. ಕೇಳಿದ ದಿನ ನೀಲಿ ಸ್ಟೂಲ್ ಎಳೆದುಕೊಂಡು ಕೂತು ವಿವರಿಸಿದಳು. ಚಿನ್ನದ ಒಂದೊಂದು ಕಣದ ಮೈಮೇಲೂ ಡಿಎನ್ಎ ಎಳೆಗಳನ್ನು ನೆಡುವುದು. ಕ್ಯಾನ್ಸರ್ ಹಿಡಿದ ಜೀವಕೋಶದೊಳಗೆ ಬೆಳೆ, ಬೆಳೆ ಎಂದು ಒಂದು ಸಂದೇಶ ಓಡಾಡುತ್ತಿರುತ್ತದೆ. ಈ ಎಳೆ ಹೋಗಿ ಆ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತದೆ. ಎಳೆಯನ್ನಷ್ಟೇ ಬಿಟ್ಟರೆ ದಾರಿಯಲ್ಲೇ ಚೂರಾಗುತ್ತದೆ. ಚಿನ್ನದ ಮೇಲೆ ಒತ್ತಾಗಿ ನೆಟ್ಟರೆ ಒಳಗಿನವರೆಗೆ ಹೋಗಿ ತಲುಪುತ್ತದೆ.

ಅಕ್ಕ ಬಾಟಲಿ ತೊಳೆಯುವ ಬ್ರಷ್ಷನ್ನು ಎತ್ತಿ ತೋರಿಸಿದಳು. “ಹೀಗೆ. ಮಧ್ಯದಲ್ಲಿ ತಂತಿ, ಸುತ್ತ ಕೂದಲು.”

“ಹಾಗೇ ಅಕ್ಕ. ಕರೆಕ್ಟಾಗಿ ಹಾಗೇ.”

“ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?”

*

ನೀಲಿ ಬಂದಾಗ ಹತ್ತೂ ಮುಕ್ಕಾಲು. ಜತೆಯಲ್ಲಿ ಪ್ರಯೋಗದ ನರ್ಸ್ ಇದ್ದಳು. ಅವಳ ಕೈಯಲ್ಲಿ ಎರಡು ಹಿಡಿಯ ಐಸ್ ಪೆಟ್ಟಿಗೆ ಇತ್ತು. ಮಗಳ ಕಣ್ಣು ಮೊದಲು ಹೋಗಿದ್ದು ಆ ಪೆಟ್ಟಿಗೆಯ ಮೇಲೆ.

“ಎಲ್ಲ ರೆಡಿ ಮಾಡ್ಕೊಂಡೇ ಬಂದಿದ್ದೀರಲ್ಲ,” ಎಂದಳು.

ನೀಲಿ ಟೇಲರನ ಪಕ್ಕ ಬೆಂಚಿನ ಮೇಲೆ ಕೂತಳು. ಅವಳ ಕಣ್ಣು ಊದಿತ್ತು.

“ಭಾವ, ಮೊದಲೇ ಒಂದು ಹೇಳ್ಬಿಡ್ತೀನಿ. ಸೈನ್ ಹಾಕಿ ಅಂತ ಕೇಳೋ ಹಕ್ಕು ನನಗಿಲ್ಲ. ಔಷಧಿ ನನ್ನ ಲ್ಯಾಬಿನದು, ಅಕ್ಕ ನಂಗೆ ಬೇಕಾದವರು ಅಂತ ಗೊತ್ತಿರೋದ್ರಿಂದ ಅವರ ವಿಷಯದಲ್ಲಿ ಯಾವ ತೀರ್ಮಾನಕ್ಕೂ ನನ್ನನ್ನ ಸೇರಿಸಿಲ್ಲ. ಕಾಗದದ ವಿಷಯ ಎಲ್ಲ ಸಿಸ್ಟರ್ ಹೇಳ್ತಾರೆ. ಆದ್ರೆ ಬೇರೆ ಏನು ಕೇಳಿದ್ರೂ ನಾನು ಹೇಳ್ತೀನಿ.”

ನರ್ಸ್ ಹೇಳಿದಳು. ಪಕ್ಕೆಯ ಕೆಳಗೆ ಒಂದು ಗೇಣು ಉದ್ದದ ಗಾಯ. ಹುಣಸೆಬೀಜದಷ್ಟು ದೊಡ್ಡ ಐದಾರು ತುಂಡು. ಚಿನ್ನದ ಕಣಗಳು ಗಡ್ಡೆಯೊಳಗೆ ಎಷ್ಟು ಹೋದವು, ಬೇರೆ ಕಡೆ ಎಷ್ಟು ಉಳಿದವು ಎಂದು ನೋಡಬೇಕು. ಬದುಕಿರುವವರಲ್ಲಿ ಅದನ್ನು ಪೂರ್ತಿ ನೋಡಲಾಗುವುದಿಲ್ಲ. ಹನ್ನೆರಡರೊಳಗೆ ತೆಗೆಯಬೇಕು, ಆಮೇಲೆ ಪ್ರಯೋಜನವಿಲ್ಲ. ಬೇಡ ಎಂದರೆ ಈಗಲೇ ದೇಹ ಕೊಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

“ಹದಿನೈದು ವರ್ಷ ಕಾಪಾಡಿ ಇಡ್ತೀವಿ ಅಂತ ಬರೆದಿದ್ದೀರಿ,” ಎಂದು ಅಣ್ಣ ಹಾಳೆಯ ಹಿಂಬದಿಯಿಂದ ತಲೆಯೆತ್ತದೆ ಹೇಳಿದ. “ಹದಿನೈದು ವರ್ಷ ಯಾತಕ್ಕೆ?”

“ಮುಂದೆ ಹೊಸ ಪ್ರಶ್ನೆ ಬಂದ್ರೆ ತೆಗೆದು ನೋಡೋಕೆ.”

“ಸಾಯೋವರೆಗೂ ಚುಚ್ಚಿದ್ದು ಸಾಲ್ದಾ? ಬೇಡ ಕಣೋ. ಹೇಗೆ ಹುಟ್ಟಿದ್ಲೋ ಹಾಗೇ ಕಳಿಸೋಣ.”

ಟೇಲರ್ ಅಣ್ಣನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ನೀಲಿಯ ಕಡೆ ತಿರುಗಿದ.

“ಒಂದು ಹೇಳಿ ಡಾಕ್ಟರಮ್ಮ. ಆ ಔಷಧಿ ಅವಳಿಗೆ ಹಿಡೀತಾ ಇತ್ತಲ್ವಾ? ನಡುವೆ ಎಲ್ಲಿ ಕೈ ಕೊಡ್ತು?”

ನೀಲಿ ಬೆಂಚಿನ ಮೇಲೆ ಅವನ ಕಡೆ ತಿರುಗಿ ಕೂತಳು.

“ಹಿಡೀತಾ ಇರಲಿಲ್ಲ ಭಾವ. ಹಿಡಿಯೋ ಅಷ್ಟು ಕೊಟ್ಟೇ ಇರಲಿಲ್ಲ. ಹೊಸ ಔಷಧಿ ಮನುಷ್ಯರಿಗೆ ಕೊಡೋವಾಗ ಮೊದಲನೇ ಮೂರು ಜನಕ್ಕೆ ತೀರಾ ಚೂರು ಕೊಡ್ತಾರೆ. ಮೈಗೆ ಏನೂ ಕೆಡುಕು ಮಾಡಲ್ಲ ಅಂತ ನೋಡೋಕೆ ಅಷ್ಟೇ. ಅವರಿಗೇನೂ ಆಗಲಿಲ್ಲ ಅಂದ್ರೆ ಮುಂದಿನ ಮೂರು ಜನಕ್ಕೆ ಸ್ವಲ್ಪ ಜಾಸ್ತಿ. ಹಾಗೇ ಮೇಲಕ್ಕೆ ಹೋಗೋದು. ಅಕ್ಕ ಮೊದಲನೇ ಗುಂಪಲ್ಲಿ ಮೂರನೆಯವರು.”

“ಅಂದ್ರೆ?”

“ಅದರಿಂದ ಅವರಿಗೆ ಗುಣ ಆಗೋ ಸಾಧ್ಯತೆ ಇರಲೇ ಇಲ್ಲ ಅಂತ ಹೇಳಬಹುದು.”

ಮಗಳು ಎದ್ದು ನಿಂತಳು. “ಇದನ್ನ ಅಮ್ಮನಿಗೆ ಹೇಳಿದ್ರಾ ನೀವು? ಇಲ್ಲ, ಪಾತ್ರೆ ತೊಳೆಯೋಳು ಅಲ್ವಾ, ಇವಳಿಗೇನು ಗೊತ್ತಾಗುತ್ತೆ ಅಂದ್ಕೊಂಡ್ರಾ? ಹತ್ತು ಸಲ ಕರ್ಕೊಂಡು ಬಂದಿದ್ದೀನಿ ನಾನು. ಡ್ಯೂಟಿ ಬದಲಾಯಿಸಿಕೊಂಡು, ನನ್ನ ಬಸ್ಸಲ್ಲೇ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಬಂದಿದ್ದೀನಿ.”

“ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದಿದ್ದು ಅವರಿಗೇ,” ಎಂದಳು ನೀಲಿ.

*

ಕಾಯಿಲೆ ಗೊತ್ತಾದಾಗ ಗಡ್ಡೆ ಹೊಟ್ಟೆಯಿಂದ ಯಕೃತ್ತಿಗೆ ಹರಡಿಯಾಗಿತ್ತು. ಇದ್ದ ಔಷಧಿಗಳನ್ನೆಲ್ಲ ಎಂಟು ತಿಂಗಳು ಕೊಟ್ಟರು. ಕೂದಲು ಹೋಯಿತು, ಕೈಬೆರಳ ತುದಿ ಮರಗಟ್ಟಿತು, ಗಡ್ಡೆ ಇದ್ದಲ್ಲೇ ಇತ್ತು. ಆಸ್ಪತ್ರೆಯ ಡಾಕ್ಟರ್ ಪ್ರಯೋಗದ ಮಾತೆತ್ತಿ ಪುಸ್ತಿಕೆಯೊಂದನ್ನು ಕೊಟ್ಟರು. ಅದರ ಎರಡನೇ ಪುಟದಲ್ಲಿ ಚಿನ್ನ, ಡಿಎನ್ಎ ಎಂಬ ಮಾತು ಓದಿದ ಕೂಡಲೆ ಅಕ್ಕ ನಕ್ಕುಬಿಟ್ಟಿದ್ದಳು.

ಮಾರನೇ ದಿನ ಅವಳು ನೆಲಮಾಳಿಗೆಗೆ ಹೋದಳು. ರಜೆಯಲ್ಲಿದ್ದರೂ ಕೋಣೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ನೀಲಿ ಓಡಿ ಬಂದಳು.

“ಬೇಡ ಅಕ್ಕ. ನಾನು ಕೈ ಮುಗೀತೀನಿ. ಎರಡನೇ ಗುಂಪಿಗೆ, ಮೂರನೇ ಗುಂಪಿಗೆ ಕಾಯಿರಿ.”

“ಅಷ್ಟು ದಿನ ಇರ್ತೀನಾ?”

ನೀಲಿ ಮೂಲೆಯ ಸ್ಟೂಲ್ ಎಳೆದುಕೊಂಡು ಕೂತಳು.

“ನೋಡು, ಮೊದಲನೇ ನೀರು ಯಾವಾಗ್ಲೂ ಚರಂಡಿಗೇ ಹೋಗೋದು. ಅದರಲ್ಲಿ ಯಾವ ಫ್ಲಾಸ್ಕೂ ಸ್ವಚ್ಛ ಆಗಲ್ಲ. ಹಾಗಂತ ಮೊದಲನೇ ನೀರು ಬಿಟ್ಟು ಎರಡನೇ ನೀರು ಹಾಕೋಕಾಗುತ್ತಾ?”

“ನೀವು ನೀರಲ್ಲ ಅಕ್ಕ.”

“ಅದು ಗೊತ್ತಮ್ಮ. ನಂಗೂ ಭಯ ಆಗ್ತಿದೆ. ರಾತ್ರಿ ಇವರು ಪಕ್ಕದಲ್ಲಿ ಗೊರಕೆ ಹೊಡೀತಿದ್ರೆ, ಈ ಗೊರಕೆ ಇನ್ನೆಷ್ಟು ದಿನ ಕೇಳ್ತೀನೋ ಅಂತ ಕೂತಿರ್ತೀನಿ. ಇಷ್ಟು ವರ್ಷ ಅದಕ್ಕೇ ಬೈತಾ ಇದ್ದೆ.” ಅವಳು ಮೊಳೆಯ ಮೇಲಿದ್ದ ಒಂದು ಫ್ಲಾಸ್ಕನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ, ಮುಖ ಸಿಂಡರಿಸಿ ತೊಟ್ಟಿಯೊಳಗೆ ಇಟ್ಟಳು. “ನನ್ನ ಬದಲಿಗೆ ಹಾಕಿರೋನು ಸರಿಯಾಗಿ ತೊಳೀತಾ ಇಲ್ಲ. ಹೇಳು ಅವನಿಗೆ.”

ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. “ಮನೇಲಿ ಗೊತ್ತಾಗೋದು ಬೇಡ. ಹೊಸ ಔಷಧಿ ಅಂತ ಮಾತ್ರ ಹೇಳಿದ್ದೀನಿ.”

ಟೇಲರನಿಗೆ ಹೆಂಡತಿಯ ಕಾಯಿಲೆ ಇಂಚಿನ ಲೆಕ್ಕದಲ್ಲಿ ತಿಳಿಯುತ್ತಿತ್ತು. ಸ್ಕ್ಯಾನ್ ವರದಿ ಅವನಿಗೆ ಅರ್ಥವಾಗುತ್ತಿರಲಿಲ್ಲ. ಪ್ರತಿ ತಿಂಗಳೂ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮಂಡಿಯೂರಿ ಅಳತೆ ತೆಗೆದು, ಉಡುಪುಗಳ ಸೊಂಟದ ಹೊಲಿಗೆಯನ್ನು ಬಿಚ್ಚಿ ಒಳಕ್ಕೆ ತೆಗೆದುಕೊಳ್ಳುತ್ತಿದ್ದ. ಅರ್ಧ ಇಂಚು, ಮುಕ್ಕಾಲು ಇಂಚು. ಮೂಳೆಗೆ ಜೋತುಬಿದ್ದ ಬಟ್ಟೆಯಲ್ಲಿ ಹೆಂಡತಿ ಬೀದಿಯಲ್ಲಿ ನಡೆಯುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅಳತೆಯನ್ನು ಎಲ್ಲೂ ಬರೆದಿಡುತ್ತಿರಲಿಲ್ಲ, ಬಾಯಲ್ಲೂ ಹೇಳುತ್ತಿರಲಿಲ್ಲ.

ಪ್ರಯೋಗ ಶುರುವಾಗಿ ಎರಡೂವರೆ ತಿಂಗಳಾದಾಗ ಒಂದು ಭಾನುವಾರ ಟೇಪು ಸುತ್ತಿದವನು ಬಿಚ್ಚಿ ಮತ್ತೆ ಸುತ್ತಿದ.

“ಏನ್ರೀ?” ಎಂದಳು ಅವಳು.

“ಎರಡು ಇಂಚು ವಾಪಸ್ ಬಂದಿದೆ ಕಣೇ.” ಅವನು ಮಂಡಿಯ ಮೇಲಿದ್ದ ಹಾಗೆಯೇ ತಲೆಯೆತ್ತಿದ. ಮುಖ ಅರಳಿತ್ತು. “ಹಿಡೀತಾ ಇದೆ ಔಷಧಿ. ನಾನು ಹೇಳ್ಲಿಲ್ವಾ? ಎರಡು ಇಂಚು.”

ಅವಳು ಕನ್ನಡಿಯಲ್ಲಿ ಅವನ ಬೋಳುತಲೆಯ ನಡುವನ್ನು ನೋಡುತ್ತ ನಿಂತಿದ್ದಳು. ಹಿಂದಿನ ದಿನವೇ ಡಾಕ್ಟರ್ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿ, ಯಕೃತ್ತು ಸೋಲುತ್ತಿದೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿದೆ ಎಂದಿದ್ದರು.

“ಹೌದು ರೀ,” ಎಂದಳು. “ನಂಗೂ ಹಾಗೇ ಅನ್ನಿಸ್ತಿತ್ತು.”

ಅವನು ಅಂದು ಮಧ್ಯಾಹ್ನ ಊಟಕ್ಕೂ ಏಳದೆ ಮೆಷಿನ್ನಿನ ಮುಂದೆ ಕೂತು, ಶಿಳ್ಳೆ ಹಾಕುತ್ತ, ಒಳಕ್ಕೆ ತೆಗೆದಿದ್ದ ಹೊಲಿಗೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಸಡಿಲ ಮಾಡಿದ. ಹಸಿರು ಉಡುಪು ಮೊದಲು, ಉಳಿದವು ಆಮೇಲೆ. ಅವಳು ಒಳಗಿನ ಮಂಚದ ಮೇಲೆ ಮಲಗಿ ಆ ಶಿಳ್ಳೆ ಕೇಳುತ್ತಿದ್ದಳು.

*

“ಆ ಎರಡು ಇಂಚು?” ಎಂದು ಟೇಲರ್ ಕೇಳಿದ.

ಬೇರೆ ಯಾರಿಗೂ ಅದೇನೆಂದು ತಿಳಿಯಲಿಲ್ಲ. ನೀಲಿಗೆ ತಿಳಿಯಿತು. ಅಕ್ಕ ಅವಳ ಮುಂದೆ ಒಮ್ಮೆ ಮಾತ್ರ ಅತ್ತಿದ್ದಳು, ಆ ಭಾನುವಾರದ ವಿಷಯ ಹೇಳುವಾಗ.

“ನೀರು ಭಾವ. ಹೊಟ್ಟೇಲಿ ನೀರು ತುಂಬಿತ್ತು.”

“ಅವಳಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಟೇಲರ್ ಮಡಿಲಲ್ಲಿದ್ದ ಗಂಟಿನ ಅಂಚನ್ನು ಬೆರಳಿನಿಂದ ತೀಡತೊಡಗಿದ. ಕಾರಿಡಾರಿನ ಆ ತುದಿಯಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದಾಯಿತು. ಅಣ್ಣ ಕನ್ನಡಕ ತೆಗೆದು ಮಡಚಿದ.

ಮಗಳ ಸಿಟ್ಟು ಎತ್ತ ತಿರುಗಬೇಕೆಂದು ತಿಳಿಯದೆ ನಿಂತಿತ್ತು. “ನಂಗಾದ್ರೂ ಹೇಳಬಹುದಿತ್ತು,” ಎಂದಳು. ಈಗ ಅವಳ ದನಿ ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ. “ಅಪ್ಪನಿಗೆ ಬೇಡ, ಸರಿ. ನಾನೇನು ಚಿಕ್ಕವಳಾ?”

“ಎರಡು ಸಲ ಹೇಳ್ಬೇಕು ಅಂತ ಹೊರಟಿದ್ರು,” ಎಂದಳು ನೀಲಿ. “ಆಮೇಲೆ, ‘ಬಸ್ಸಲ್ಲಿ ಹೇಳಿದ್ರೆ ಅಲ್ಲೇ ಅತ್ತುಬಿಡ್ತಾಳೆ, ಜನಕ್ಕೆ ಟಿಕೆಟ್ ಯಾರು ಕೊಡ್ತಾರೆ’ ಅಂದ್ರು.”

ಮಗಳ ಬಾಯಿಂದ ನಗುವಿನಂಥದ್ದೊಂದು ಹೊರಟು ಅರ್ಧದಲ್ಲೇ ಮುರಿಯಿತು. ಅವಳು ಗೋಡೆಗೆ ಮುಖ ಮಾಡಿ ನಿಂತಳು. ದೊಡ್ಡಪ್ಪ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟ.

ಟೇಲರ್ ಗೋಡೆಯ ಗಡಿಯಾರ ನೋಡಿದ. ಹನ್ನೊಂದೂ ಕಾಲು.

“ಕುಯ್ದ ಮೇಲೆ ಹೊಲಿಯೋದು ಯಾರು?” ಎಂದು ನರ್ಸನ್ನು ಕೇಳಿದ.

ಅವಳು ಒಳಗೆ ಹೋಗಿ ಶವಾಗಾರದ ಕೆಲಸಗಾರನನ್ನು ಕರೆತಂದಳು. ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಮೊಣಕಾಲಿನವರೆಗೆ ಪ್ಲಾಸ್ಟಿಕ್ಕಿನ ಏಪ್ರನ್ ಕಟ್ಟಿದ್ದ. ಮನೆಯವರ ಮುಂದೆ ಬಂದು ನಿಲ್ಲುವುದು ಅವನಿಗೆ ರೂಢಿಯಿದ್ದಂತಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

“ನೀವೇನಾ ಹೊಲಿಯೋದು?”

“ಹೌದು, ನಾನೇ.”

“ದಾರ ಯಾವುದು?”

“ದಪ್ಪನೇ ದಾರ ಸ್ವಾಮಿ. ಗಟ್ಟಿ ಇರುತ್ತೆ. ಬಟ್ಟೆ ಹಾಕಿದ ಮೇಲೆ ಏನೂ ಕಾಣ್ಸಲ್ಲ.”

“ಕಾಣ್ಸೋದು ಬಿಡೋದು ಬೇರೆ.” ಟೇಲರ್ ಬಿಳಿ ಬಟ್ಟೆಯ ಅಂಚನ್ನು ಎರಡು ಪದರ ಮಾಡಿ ಹಿಡಿದು, ಸೂಜಿಯಿಲ್ಲದ ಕೈಯಲ್ಲಿ ಚುಚ್ಚುವಂತೆ ತೋರಿಸಿದ. “ಹತ್ತಿರ ಹತ್ತಿರ ಹಾಕಿ. ಇಷ್ಟಿಷ್ಟಕ್ಕೆ. ಎಳೆದು ಬಿಗೀಬೇಡಿ. ಬಿಗಿದ್ರೆ ಸುಕ್ಕು ಬರುತ್ತೆ. ಕೊನೇಲಿ ಗಂಟು ಒಳಗಡೆ ಹೋಗ್ಲಿ, ಹೊರಗೆ ಬಿಟ್ರೆ ಉಡುಪಿಗೆ ತಗಲುತ್ತೆ.”

ಕೆಲಸಗಾರ ಬಗ್ಗಿ ಆ ಬೆರಳುಗಳನ್ನು ನೋಡಿದ. “ಆಗ್ಲಿ,” ಎಂದ. ತಲೆಯೆತ್ತಿ, “ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ ಇದು. ನೋಡ್ಕೊಂಡು ಕಲಿತಿದ್ದು. ನೀವು ಹೇಳಿದ ಹಾಗೇ ಹಾಕ್ತೀನಿ,” ಎಂದ.

ಟೇಲರ್ ಪೆನ್ನಿಗಾಗಿ ಕೈ ಚಾಚಿದ. ಅಣ್ಣ ಜೇಬಿನಿಂದ ತನ್ನದೇ ಪೆನ್ನು ತೆಗೆದವನು ಕೊಡದೆ ಹಿಡಿದುಕೊಂಡೇ ನಿಂತ.

“ಇನ್ನೊಂದ್ಸಲ ಯೋಚನೆ ಮಾಡೋ. ಇದರಿಂದ ನಮಗೇನು ಬರಬೇಕಾಗಿದೆ?”

“ಏನೂ ಇಲ್ಲ. ಅವಳು ಅಳತೆ ಕೊಟ್ಟು ಹೋಗಿದ್ದಾಳೆ ಅಣ್ಣ. ಕೊಟ್ಟ ಮೇಲೆ ನಾನು ಕೈ ಹಾಕೋದು ಸರಿಯಲ್ಲ.” ಸಹಿ ಹಾಕಿ ಹಾಳೆಯನ್ನು ಹಿಂದಕ್ಕೆ ಕೊಟ್ಟ. ಮೇಲೆ ಅವಳ ಗುಂಡಿಯಂಥ ಅಕ್ಷರಗಳು, ಕೆಳಗೆ ಅವನ ಒಂದೇ ಎಳೆತದ ಗೀಟು. “ನಂಗೆ ಹೇಳಲಿಲ್ಲ ಅಂತ ಕೋಪ ಇದೆ ನನಗೆ. ಅದು ನನ್ನ ಅವಳ ಮಧ್ಯ ಇರೋದು. ಇದಕ್ಕೆ ಸೇರಿಸೋಕೆ ಹೋಗಲ್ಲ.”

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ನರ್ಸ್ ಐಸ್ ಪೆಟ್ಟಿಗೆಯನ್ನು ಹೊರಗೆ ತಂದಿಟ್ಟಳು. ನೀಲಿ ಎದ್ದು ನಿಂತು ಪೆಟ್ಟಿಗೆಯನ್ನೂ ಟೇಲರನನ್ನೂ ನೋಡಿದಳು. ತುಂಡುಗಳನ್ನು ಪ್ರಯೋಗಾಲಯಕ್ಕೆ ಒಯ್ದ ಕೂಡಲೆ ಕತ್ತರಿಸಿ ಸಿದ್ಧ ಮಾಡಬೇಕು. ನಾಲ್ಕೈದು ಗಂಟೆಯ ಕೆಲಸ. ಅದನ್ನು ಮಾಡಲು ಗೊತ್ತಿದ್ದ ಇನ್ನೊಬ್ಬ ವಿದ್ಯಾರ್ಥಿ ಬೇರೆ ಊರಿಗೆ ಹೋಗಿದ್ದ.

“ಮೂರು ಗಂಟೆಗೆ ಬಂದುಬಿಡ್ತೀನಿ ಭಾವ. ಹೇಗಾದ್ರೂ ಮಾಡಿ.”

“ಅದು ಅಲ್ಲಿವರೆಗೆ ಕಾಯುತ್ತಾ?”

“ಕಾಯಲ್ಲ.”

“ಹಾಗಾದ್ರೆ ನೀನು ಹೋಗು ತಾಯಿ,” ಎಂದ ಟೇಲರ್. ಅವಳನ್ನು ಅವನು ನೀನು ಎಂದಿದ್ದು ಅದೇ ಮೊ​ದಲು. “ಮಣ್ಣು ಹಾಕೋಕೆ ನಾವು ಸಾಕು.”

ನೀಲಿ ಪೆಟ್ಟಿಗೆಯ ಒಂದು ಹಿಡಿಯನ್ನು ಹಿಡಿದು ಎತ್ತಲು ನೋಡಿದಳು. ಐಸ್ ತುಂಬಿದ್ದರಿಂದ ಭಾರವಾಗಿತ್ತು. ಗೋಡೆಯ ಪಕ್ಕದಿಂದ ಮಗಳು ಬಂದಳು, ಮೂಗು ಒರೆಸಿಕೊಂಡು ಇನ್ನೊಂದು ಹಿಡಿಗೆ ಕೈ ಹಾಕಿದಳು.

“ಕಾರ್ ಎಲ್ಲಿ ನಿಲ್ಲಿಸಿದ್ದೀರಿ?”

“ಹಿಂದಿನ ಗೇಟ್ ಹತ್ರ.”

“ಮೆಟ್ಟಿಲಿದೆ. ನಿಧಾನಕ್ಕೆ ಇಳೀರಿ. ವಾಲಿಸಬೇಡಿ.”

ಇಬ್ಬರೂ ಪೆಟ್ಟಿಗೆಯನ್ನು ನಡುವೆ ಹಿಡಿದುಕೊಂಡು, ಹೆಜ್ಜೆ ಹೊಂದಿಸಿಕೊಂಡು, ಕಾರಿಡಾರಿನ ತುದಿಯವರೆಗೆ ನಡೆದರು. ಮೆಟ್ಟಿಲ ಬಳಿ ಮಗಳು ಕೇಳಿದಳು:

“ಎರಡನೇ ಗುಂಪು ಶುರು ಆಯ್ತಾ?”

“ಹೋದ ವಾರ. ಮೊದಲನೇ ಮೂವರಿಗೂ ಔಷಧಿಯಿಂದ ಏನೂ ತೊಂದರೆ ಆಗಲಿಲ್ಲ ಅಂತ ಬರೆದುಕೊಟ್ಟ ಮೇಲೆ.”

“ಅವರಿಗೆ ಹಿಡಿಯುತ್ತಾ?”

“ಗೊತ್ತಿಲ್ಲ,” ಎಂದಳು ನೀಲಿ. “ಗೊತ್ತಾಗೋಕೆ ಇನ್ನೂ ವರ್ಷಗಳು ಬೇಕು. ಹಿಡೀದೆ ಹೋಗಲೂಬಹುದು.”

ಮಗಳು ತಲೆಯಾಡಿಸಿದಳು. “ಇಲ್ಲೊಂದು ಮೆಟ್ಟಿಲು ಮುರಿದಿದೆ. ನೋಡ್ಕೊಳ್ಳಿ.”

*

ಮೂರು ಗಂಟೆಗೆ ಸ್ಮಶಾನದಲ್ಲಿ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ಸೇರಿದ್ದರು. ರಸಾಯನಶಾಸ್ತ್ರ ವಿಭಾಗದ ಮೂರೂ ಮಹಡಿ ಖಾಲಿಯಾಗಿ ಬಂದಂತಿತ್ತು. ಗಾಜು ಊದುವ ಮುದುಕ ಊರುಗೋಲು ಹಿಡಿದು ಬಂದಿದ್ದ. ಅಕ್ಕ ಒಡೆದ ಫ್ಲಾಸ್ಕುಗಳನ್ನೆಲ್ಲ ಅವನೇ ಗುಟ್ಟಾಗಿ ಜೋಡಿಸಿ ಕೊಡುತ್ತಿದ್ದ ಎಂದು ಅಂದು ಎಲ್ಲರಿಗೂ ಗೊತ್ತಾಯಿತು. “ಇಪ್ಪತ್ತೇಳು ವರ್ಷದಲ್ಲಿ ಒಂಬತ್ತು. ಅಷ್ಟೇ ಒಡೆದಿದ್ದು,” ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಟೇಲರ್ ಒಮ್ಮೆ ಬಗ್ಗಿ ಉಡುಪಿನ ಸೊಂಟವನ್ನು ಸರಿಮಾಡಿದ. ಸರಿಮಾಡುವಂಥದ್ದೇನೂ ಇರಲಿಲ್ಲ. ಜನ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಐದು ಗಂಟೆಗೆ ಎಲ್ಲ ಮುಗಿದಿತ್ತು.

ಅಣ್ಣ ಆಟೋ ಕರೆಯುತ್ತೇನೆಂದ. ಬಸ್ಸಿನಲ್ಲೇ ಹೋಗುತ್ತೇನೆ ಎಂದು ಟೇಲರ್ ಹೇಳಿದ. ಅಪ್ಪ ಮಗಳು ಇಬ್ಬರೇ ಹತ್ತಿದರು. ಆ ಬಸ್ಸಿನ ಕಂಡಕ್ಟರ್ ಮಗಳ ಪರಿಚಯದವಳು. ಅವಳ ಕೈ ಅದುಮಿ ಮುಂದೆ ಹೋದಳು. ಟೇಲರ್ ಕಿಟಕಿಯ ಪಕ್ಕ ಕೂತ. ಅವನ ಪಕ್ಕದ ಜಾಗ ಖಾಲಿಯಿತ್ತು. ಮಗಳು ಹಿಂದಿನ ಸೀಟಿಗೆ ಹೋದಳು.

ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ ತುಂಬಿತು. ನಲವತ್ತರ ಹೆಂಗಸೊಬ್ಬಳು ಎದೆಗೆ ದೊಡ್ಡದೊಂದು ಲಕೋಟೆ ಒತ್ತಿಕೊಂಡು, ಕಂಬ ಹಿಡಿದು ನಿಂತಳು. ಸ್ಕ್ಯಾನ್ ಹಾಳೆ ಹಾಕಿಕೊಡುವ ಲಕೋಟೆ. ಮೂಲೆಯಲ್ಲಿ ಕ್ಯಾನ್ಸರ್ ವಿಭಾಗದ ಮೊಹರು ಇತ್ತು.

“ಕೂತ್ಕೊಳ್ಳಮ್ಮ,” ಎಂದು ಟೇಲರ್ ಇನ್ನಷ್ಟು ಕಿಟಕಿಯ ಕಡೆ ಸರಿದ.

ಅವಳು ಕೂತಳು. ಎರಡು ಸ್ಟಾಪ್ ಕಳೆಯುವಷ್ಟರಲ್ಲಿ ಕಣ್ಣು ಮುಚ್ಚಿದಳು. ತಿರುವಿನಲ್ಲಿ ಬಸ್ ವಾಲಿದಾಗ ಅವಳ ತಲೆ ಟೇಲರನ ಭುಜಕ್ಕೆ ಒರಗಿತು, ಅಲ್ಲೇ ನಿಂತಿತು. ಎಷ್ಟೋ ದಿನದಿಂದ ನಿದ್ದೆ ಕಾಣದವಳ ಉಸಿರು ಅದು.

ತಮ್ಮ ಸ್ಟಾಪ್ ಹತ್ತಿರ ಬಂದಾಗ ಮಗಳು ಎದ್ದು ಗಂಟೆಯ ಹಗ್ಗಕ್ಕೆ ಕೈ ಎತ್ತಿದಳು. ಅಪ್ಪನನ್ನು ನೋಡಿದಳು. ಅವನು ಭುಜ ಕದಲಿಸದೆ, ಕತ್ತು ನೆಟ್ಟಗೆ ಮಾಡಿಕೊಂಡು ಎದುರಿನ ರಸ್ತೆ ನೋಡುತ್ತ ಕೂತಿದ್ದ. ಅವಳು ಕೈ ಇಳಿಸಿ ಮತ್ತೆ ಕೂತಳು.

ಅವನ ದರ್ಜಿ ಅಂಗಡಿಯ ಮುಚ್ಚಿದ ಬಾಗಿಲು ಕಿಟಕಿಯಲ್ಲಿ ಹಾದುಹೋಯಿತು, ಅದರ ಮೇಲಿನ ಮನೆಯೂ ಹಾದುಹೋಯಿತು. ಹೆಂಗಸಿನ ಮಡಿಲಿನಿಂದ ಲಕೋಟೆ ಮೆಲ್ಲಗೆ ಜಾರುತ್ತಿತ್ತು. ಟೇಲರ್ ಎರಡು ಬೆರಳು ಚಾಚಿ ಅದರ ಅಂಚನ್ನು ಹಿಡಿದುಕೊಂಡ.